ಇದ್ದಾಂಗ ಮಾಡಿದ ಚಾವಿ

ಮಾರ್ಚ್ ಇಪ್ಪತ್ತು, ಗುರುವಾರ. ಬೆಳಿಗ್ಗೆ ಎಂಟರ ಸುಮಾರಿಗೆ ಬೆಟಗೇರಿಯ ಠಾಣೆಯೊಳಗೆ ದೂರಿಗಿಂತ ಮೊದಲು ಖಾಲಿ ಕೊಡಗಳ ಸದ್ದು ಬಂತು. ಇನ್‌ಸ್ಪೆಕ್ಟರ್ ಗವಿಸಿದ್ದಪ್ಪ ಆಗಷ್ಟೇ ಚಹಾದ ಕಪ್ಪು ಕೈಗೆತ್ತಿಕೊಂಡಿದ್ದರು. ಹತ್ತು ಹನ್ನೆರಡು ಹೆಂಗಸರು, ಸೊಂಟಕ್ಕೊಂದು ಕೊಡ, ಅವರ ನಡುವೆ ಅಂಗಿ ಹರಿದ ಒಬ್ಬ ಗಂಡಸು. ಅವನ ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಚಾವಿ. ಮೇಲೆ ಅಡ್ಡ ಹಿಡಿಕೆ, ಕೆಳಗೆ ಚೌಕ ಬಾಯಿ. ಮುಂದೆ ನಿಂತವಳು ದಿಬ್ಬದ ಓಣಿಯ ಮಂಜವ್ವ. ಅವಳು ಬಾಯಿ ತೆರೆದ ಮೇಲೆ ಠಾಣೆಯಲ್ಲಿ ಉಳಿದವರಿಗೆ ಬಾಯಿ ಇದ್ದೂ ಇಲ್ಲದಂತಾಯಿತು.

“ಸಾಹೇಬ್ರ, ಇವನ ನೋಡ್ರಿ ನೀರ ಕಳ್ಳ! ಹತ್ತ ದಿನಕ್ಕೊಮ್ಮಿ ನಮ್ಮ ಪಾಳಿ. ಎರಡ ಪಾಳಿ ಆತು, ನಾಕ ಕೊಡಾ ತುಂಬೂದ್ರಾಗ ನಳಾ ನಿಂತ ಹೋಗತೈತಿ. ಕೇಳಿದ್ರ ಟಾಕಿ ಖಾಲಿ ಅಂತಾನ. ತುಂಬಿದ ಟಾಕಿ ಹೆಂಗ ಖಾಲಿ ಆತು, ಅದನ್ನ ಕೇಳ್ರಿ ಮೊದ್ಲ!”

“ಅಂಗಿ ಯಾರು ಹರದಿದ್ದು?” ಗವಿಸಿದ್ದಪ್ಪ ಕೇಳಿದರು.

“ಅದ ತಾನ ಹರೀತ್ರಿ” ಎಂದಳು ಮಂಜವ್ವ. ಹಿಂದಿದ್ದ ಹೆಂಗಸರು ಗೋಡೆ ನೋಡತೊಡಗಿದರು.

ಗಂಡಸಿನ ಹೆಸರು ಭೀಮೇಶ. ಹುಲಕೋಟಿಯವನು. ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆ ಈ ಓಣಿಗಳಿಗೆ ನೀರು ಬಿಡುವ ಕೆಲಸ. ಅವನ ಹಿಂದೆಯೇ ಗುತ್ತಿಗೆದಾರ ತಿರಕಪ್ಪ ಬೈಕು ನಿಲ್ಲಿಸಿ ಓಡಿ ಬಂದ. ದೂರನ್ನು ಬರೆಸಿಕೊಂಡೇ ಬಂದಿದ್ದ. ಅದರಲ್ಲಿ ಆರೋಪಿಯ ಹೆಸರೂ ಇತ್ತು. ಭೀಮೇಶ.

“ವಾಲ್ವ್ ತೆಗಿಯೂ ಚಾವಿ ಒಂದ ಐತ್ರಿ ಸರ. ಅದು ಇವನ ಕಡೇನ ಇರ್ತೈತಿ. ಮತ್ಯಾರ ಮಾಡ್ತಾರ್ರಿ? ಯಾವನೋ ಹೋಟೆಲ್ಲಿನವಗ ಮಾರ್‍ಕೊಂಡಾನ.”

“ನಾ ಮಾರಿಲ್ರಿ ಸರ,” ಭೀಮೇಶ ಅಷ್ಟೇ ಅಂದ. ಆಮೇಲೆ ತಡೆಯಲಾರದೆ, “ನೀರ ಕಳ್ಳ ಅಂತ ಹೆಸರ ಬಂತಂದ್ರ ಇನ್ ಯಾವ ಓಣ್ಯಾಗ ಕಾಲಿಡ್ಲಿರಿ? ಹುಲಕೋಟ್ಯಾಗ ನನ್ನ ಹೆಂಡ್ತಿ ಮಕ್ಕಳು ಹೆಂಗ ತಲಿ ಎತ್ತಬೇಕ್ರಿ?” ಎಂದ.

ಗವಿಸಿದ್ದಪ್ಪ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯವರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ಯಾರನ್ನೂ ಪೂರ್ತಿ ನಂಬಿದವರಲ್ಲ. ದೂರು ಕೊಟ್ಟವರನ್ನು ಸ್ವಲ್ಪ ಹೆಚ್ಚೇ ಅನುಮಾನಿಸುವ ಚಟ. ಆರೋಪಿಯ ಹೆಸರನ್ನೂ ಬರೆದುಕೊಂಡು ಬಂದ ದೂರು ಅವರಿಗೆ ಹಿಡಿಸಲಿಲ್ಲ. ಕುಡಿಯುವ ನೀರಿನ ಪೂರೈಕೆಗೆ ಧಕ್ಕೆ ತಂದದ್ದಕ್ಕೆ ನ್ಯಾಯ ಸಂಹಿತೆಯ ಕಲಂ 326ರಡಿ ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ ‘ಅಪರಿಚಿತ’ ಎಂದು ಬರೆಸಿದರು.

ತಿರಕಪ್ಪನ ಮುಖ ಸಪ್ಪಗಾಯಿತು. “ಸೋಮವಾರತನಕ ನೋಡ್ತೇನ್ರಿ. ಅಷ್ಟರೊಳಗ ಬ್ಯಾರೆ ಯಾರೂ ಸಿಗಲಿಲ್ಲಂದ್ರ ಇವನ್ನ ತಗದ ಹಾಕೂದ. ಮತ್ತ ಈ ಊರಾಗ ಇವಗ ನೀರಿನ ಕೆಲಸ ಸಿಗದಂಗ ಮಾಡ್ತೇನಿ.”

ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ದಿಬ್ಬದ ಓಣಿಗೂ ತೆಗ್ಗಿನ ಓಣಿಗೂ ನಡುವೆ ಬನ್ನಿಗಿಡದ ಕಟ್ಟೆ. ಅದರ ಪಕ್ಕದಲ್ಲಿ ಕಲ್ಲು ಮುಚ್ಚಿದ ಎರಡು ಗುಂಡಿ. ಒಂದೇ ಟಾಕಿಯ ನೀರನ್ನು ಒಂದೊಂದು ಓಣಿಗೆ ಬಿಡುವ ವಾಲ್ವ್, ಒಂದೊಂದರಲ್ಲಿ ಒಂದು. ಮೇಲಿನ ಓಣಿಯ ವಾಲ್ವಿನ ಚೌಕ ತಲೆ ಗ್ರೀಸು ಮೆತ್ತಿಕೊಂಡು ಕಪ್ಪಗೆ, ಸುಮ್ಮನೆ ಕುಳಿತಿತ್ತು. ತೆಗ್ಗಿನ ಓಣಿಯದರ ತಲೆ ಮಾತ್ರ ಮೂಲೆ ತರಚಿ ಬೆಳ್ಳಗೆ ಹೊಳೆಯುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಹನಮಂತವ್ವ ಮೊಬೈಲಿನಲ್ಲಿ ಫೋಟೊ ತೆಗೆದಳು.

ಭೀಮೇಶ ಚಾವಿಯನ್ನು ಅದರ ಮೇಲಿಟ್ಟು, ಹಿಡಿಕೆಗೆ ಕಿವಿ ಹಚ್ಚಿ ಕುಂತ. ಅವನ ಮುಖ ಬದಲಾಯಿತು. “ಸರ, ನೀರ ಹರ್‍ಯಾಕತ್ತೈತ್ರಿ. ಪೂರಾ ಬಂದ್ ಆಗಿಲ್ಲ. ನಾ ಶುಕ್ರವಾರ ಬಂದ್ ಮಾಡಿ ಹೋಗೇನ್ರಿ, ದೇವ್ರಾಣಿ.”

“ಬಂದ್ ಮಾಡು, ನೋಡೂಣು.”

ಭೀಮೇಶ ಜೇಬಿನಿಂದ ಮಡಚಿದ ತಗಡಿನ ಚೂರೊಂದನ್ನು ತೆಗೆದು ಚಾವಿಯ ಬಾಯಿಯೊಳಗೆ ತುರುಕಿದ. ಎಣ್ಣೆ ಡಬ್ಬಿಯಿಂದ ಕತ್ತರಿಸಿದ್ದು. ಆಮೇಲೆ ತಿರುವಿದ, ಚಾವಿ ಗಟ್ಟಿ ಹಿಡಿದು ವಾಲ್ವ್ ಕೂತಿತು.

“ಆ ತಗಡ ಯಾಕ?”

“ಬಾಯಿ ಒಂದ್ ಮಗ್ಗಲ ತೇದೈತ್ರಿ. ತಗಡ ಹಾಕಲಿಲ್ಲಂದ್ರ ಜಾರತೈತಿ. ತೆಗಿಯೂದೇನ ಹೆಂಗರ ಆಗತೈತಿ, ಬಂದ್ ಮಾಡೂಮುಂದ ಕೈ ಕೊಡತೈತ್ರಿ.”

ತಗಡು ತೆಗೆಸಿ ತಾವೇ ತಿರುವಿ ನೋಡಿದರು ಗವಿಸಿದ್ದಪ್ಪ. ಚಾವಿ ಕರಕ್ಕನೆ ಜಾರಿ, ಹಳೆಯ ತರಚಿನ ಪಕ್ಕದಲ್ಲೇ ಅಂಥದ್ದೇ ಹೊಸ ತರಚು ಬಿತ್ತು. ಅವರು ಎದ್ದು ನಿಂತು ಬೆವರೊರೆಸಿಕೊಂಡರು. ಇದೇ ಚಾವಿಯನ್ನು ತಗಡಿಲ್ಲದೆ ಯಾರೋ ಬಳಸಿದ್ದಾರೆ, ಇಲ್ಲವೇ ಇದೇ ಬಾಯಿಯ ಇನ್ನೊಂದು ಚಾವಿ ಊರಲ್ಲಿದೆ.

“ರಾತ್ರಿ ಇದನ್ನ ಎಲ್ಲಿ ಇಡ್ತಿ?”

“ಮನೀಗೆ ಒಯ್ತೇನ್ರಿ.”

“ಹುಲಕೋಟಿಗೆ? ಬಸ್ಸಿನ್ಯಾಗ?”

“ಹೂನ್ರಿ.” ಭೀಮೇಶ ನೆಲ ನೋಡುತ್ತಿದ್ದ.

ಹನಮಂತವ್ವ ಚಾವಿಯನ್ನು ಎತ್ತಿ ನೋಡಿ ಕೆಳಗಿಟ್ಟಳು. “ಸರ, ಇದನ್ನ ಹಿಡಕೊಂಡ ಬಸ್ ಹತ್ತಿದ್ರ ಕಂಡಕ್ಟರ್ ಮೊದ್ಲ ಇಳೀ ಅಂತಾನ್ರಿ.”

ಒಳ್ಳೆಯವನ ಹಾಗೆ ಕಾಣುವವನು ಸುಳ್ಳು ಹೇಳಿದಾಗ ಗವಿಸಿದ್ದಪ್ಪನವರಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚು. ಬೇಸರವಾದರೂ ಅನುಮಾನ ಅನುಮಾನವೇ; ಅವನನ್ನು ಊರು ಬಿಟ್ಟು ಹೋಗಬೇಡ ಎಂದು ಹೇಳಿ ಕಳಿಸಿದರು.

ಮಧ್ಯಾಹ್ನ ತೆಗ್ಗಿನ ಓಣಿಯ ಮನೆಮನೆ ವಿಚಾರಣೆ. ಓಣಿಗೆ ಓಣಿಯೇ ಮೂಗು ತುರಿಸಿಕೊಂಡಿತು. ವಾಲ್ವ್ ಸಡಿಲಿದ್ದರೆ ಇವರ ನಳದಲ್ಲಿ ದಿನವಿಡೀ ಹನಿ ಹನಿ ಬಂದಿರಲೇಬೇಕು. “ನಮಗೇನ ಗೊತ್ತಿಲ್ರಿ” ಎಂದ ಪ್ರತಿ ಮನೆಯಲ್ಲೂ ನಳದ ಕೆಳಗೊಂದು ಬಕೆಟ್ ಇತ್ತು. ಬರದ ನೀರಿನ ಬಗ್ಗೆ ದೂರು ಕೊಡುವವರು ಸಿಗುತ್ತಾರೆ, ಬಂದ ನೀರಿನ ಬಗ್ಗೆ ಯಾರು ಕೊಡುತ್ತಾರೆ? ಸಂಜೆಯ ಹೊತ್ತಿಗೆ ಗವಿಸಿದ್ದಪ್ಪನವರಿಗೆ ಇಡೀ ಓಣಿಯನ್ನೇ ಜೀಪಿಗೆ ಹಾಕಿಕೊಳ್ಳುವಷ್ಟು ಅನುಮಾನ ಬಂದಿತ್ತು.

ಶುಕ್ರವಾರ ಅವರು ಚಾವಿಯನ್ನು ಜೀಪಿನಲ್ಲಿ ಹಾಕಿಕೊಂಡು ಲೇಥ್ ಅಂಗಡಿಗಳನ್ನು ಹುಡುಕುತ್ತ ಹೊರಟರು. ಇಂಥ ಚಾವಿ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಹೇಳಿ ಮಾಡಿಸಬೇಕು. ಮೂರು ಅಂಗಡಿಯವರು ಇಲ್ಲ ಅಂದರು. ನಾಲ್ಕನೆಯದು ನಜೀರಸಾಬನದು. ಹತ್ತಿ ಗಿರಣಿಯ ಬುಶ್ಶು, ಪ್ರಿಂಟಿಂಗ್ ಪ್ರೆಸ್ಸಿನ ಗಾಲಿ, ಕುಂಟೆಯ ಕುಡ, ಯಾವ ಕಂಪನಿಯೂ ಈಗ ಮಾಡದ ಹಳೆ ಯಂತ್ರದ ಭಾಗಗಳನ್ನು ಬೇಕಾದಂತೆ ಮಾಡಿಕೊಡುವವನು. ನಕ್ಷೆ, ಡ್ರಾಯಿಂಗು ಯಾರೂ ತರುವುದಿಲ್ಲ. ಮುರಿದದ್ದನ್ನೋ ತೇದದ್ದನ್ನೋ ತಂದು ಮೇಜಿನ ಮೇಲಿಟ್ಟು ‘ಇದರಂಗ ಒಂದು’ ಅನ್ನುತ್ತಾರೆ. ಇಲ್ಲಿ ವ್ಯವಹಾರ ನಡೆಯುವುದೇ ಹಾಗೆ.

“ಇಂಥಾದ್ದು ಮಾಡೀರೇನು?” ಗವಿಸಿದ್ದಪ್ಪ ಚಾವಿಯನ್ನು ಮೇಜಿನ ಮೇಲಿಟ್ಟರು.

“ಇಲ್ರಿ ಸಾಹೇಬ್ರ. ಕಂಡ ಇಲ್ಲ ಇಂಥಾದ್ದು.” ಹೇಳುತ್ತಲೇ ನಜೀರಸಾಬ ಅದನ್ನು ತಿರುಗಿಸಿ ಬಾಯಿಯೊಳಗೆ ಬೆರಳು ಹಾಕಿದ. ಬೆರಳು ಅತ್ತಿತ್ತ ಹುಡುಕದೆ ನೆಟ್ಟಗೆ ತೇದ ಮಗ್ಗುಲಿಗೇ ಹೋಯಿತು.

“ಕಂಡ ಇಲ್ಲದ್ದರೊಳಗ ಬೆರಳಿಗೆ ದಾರಿ ಹೆಂಗ ಗೊತ್ತಾತು ನಜೀರಸಾಬ?”

ನಜೀರಸಾಬ ಬೆರಳು ತೆಗೆದು ಲುಂಗಿಗೆ ಒರೆಸಿಕೊಂಡ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕುಂತ. “ಮಾಡೇನ್ರಿ. ಸಂಕ್ರಮಣದ ಮುಂದ. ನೀರಿನ ಗದ್ದಲ ಕೇಳಿದ ಮ್ಯಾಲ ಎದಿ ಹೊಡಕೊಳ್ಳಾಕತ್ತೈತಿ. ನಾ ಏನ ತಪ್ಪ ಮಾಡೇನ್ರಿ? ತಂದ್ರು, ಮಾಡಿ ಕೊಟ್ಟೆ.”

“ಯಾರ ತಂದ್ರು?”

“ಹೆಸರ ಕೇಳಲಿಲ್ರಿ. ಮುಂಜಾನೆ ತಂದ್ರು, ಸಂಜೀಕ ಎರಡೂ ಒಯ್ದ್ರು. ಹೆಲ್ಮೆಟ್ ತಗೀಲಿಲ್ಲ.”

“ಏನಂದ್ರು?”

“ಇದರ ಬಾಯಿ ತೇದೈತಿ, ನೆಟ್ಟಗ ಚೌಕ ಮಾಡಿ ಕೊಡ್ಲೇನ್ರಿ ಅಂತ ನಾನ ಕೇಳ್ದೆ. ಬ್ಯಾಡ ಅಂದ್ರು. ಇದ್ದಾಂಗ ಮಾಡು ಅಂದ್ರು. ಒಂದ ಕೂದಲೆಳಿ ಹೆಚ್ಚು ಕಡಿಮಿ ಆಗಬಾರ್ದಂತ. ನಾ ಮತ್ತ ತೇದದ್ದನ್ನೂ ತೇದಂಗ ಮಾಡೇನ್ರಿ. ಹಿಡಿಕ್ಯಾಗ ಹಗ್ಗಾ ಹಾಕೂ ತೂತ ಇತ್ತು, ಅದನ್ನೂ ಹೊಡದೇನಿ.”

ಹನಮಂತವ್ವ ನಗು ತಡೆಯಲಾರದೆ ಕೆಮ್ಮಿದಳು. ಗವಿಸಿದ್ದಪ್ಪ ನಗಲಿಲ್ಲ. ಅವರ ತಲೆಯೊಳಗೆ ಒಂದು ಗಂಟು ಸಡಿಲಾಗುತ್ತಿತ್ತು. ದಿನಾ ಆ ಬಾಯಿಗೆ ತಗಡು ತುರುಕಿ ಒದ್ದಾಡುವವನು ಹೊಸದನ್ನೂ ತೇದ ಹಾಗೇ ಮಾಡು ಎನ್ನುತ್ತಾನೆಯೇ? ಭೀಮೇಶನಾಗಿದ್ದರೆ ನಜೀರಸಾಬನಿಗೆ ಕೈ ಮುಗಿದು ನೆಟ್ಟಗೆ ಮಾಡಿಸಿಕೊಳ್ಳುತ್ತಿದ್ದ. ಇದನ್ನು ಮಾಡಿಸಿದವನು ಜನ್ಮದಲ್ಲಿ ವಾಲ್ವ್ ತಿರುವಿದವನಲ್ಲ.

“ಮಾತು ಹೆಂಗಿತ್ತು? ನೆನಪ ಮಾಡಿ ಅವರು ಅಂದಂಗ ಅನ್ರಿ.”

ನಜೀರಸಾಬ ಕಣ್ಣು ಮುಚ್ಚಿದ. “‘ಹ್ಯಾಂಗ ಅದನೋ ಹಾಂಗ ಮಾಡ್ರಿ’ ಅಂದ್ರು. ಹೂನ್ರಿ, ಅದ ಅದ ಅಂತಿದ್ರು. ಐತಿ ಅನ್ನಲಿಲ್ಲ.”

ಗದಗಿನ ಕಡೆ ಒಬ್ಬ ಮನುಷ್ಯ ‘ಐತಿ’ ಅಂದನೋ ‘ಅದ’ ಅಂದನೋ ಎಂಬುದರ ಮೇಲೆ ಅವನ ಜಾತಿ, ಅಡುಗೆಮನೆಯ ತನಕ ಹೇಳಬಹುದು; ‘ಅದ’ ಹೆಚ್ಚಾಗಿ ಆಚಾರ್ಯರ ಮನೆಗಳ ಮಾತು. ಆದರೆ ಹಾಗೆ ಮಾತಾಡುವವರು ಊರಲ್ಲಿ ಸಾವಿರ ಜನ. ಅದರ ಮೇಲೆ ಯಾರನ್ನೂ ಹಿಡಿಯಲಾಗದು. ಬೇಕಾಗಿದ್ದುದು ಒಂದೇ ಉತ್ತರ: ಒಂದು ಹಗಲು ಪೂರ್ತಿ ಭೀಮೇಶನ ಚಾವಿ ಯಾರ ಕೈಯಲ್ಲಿತ್ತು?

ಭೀಮೇಶನನ್ನು ಕರೆಸಿ ಹನಮಂತವ್ವ ಎದುರಿಗೆ ಕೂಡಿಸಿದಳು. “ತಮ್ಮಾ, ನೀ ಕಳ್ಳ ಅಲ್ಲ ಅಂತ ಸರಗ ಅರ್ಧ ಗೊತ್ತಾಗೇತಿ. ಇನ್ನರ್ಧ ನೀನ ಹೇಳಬೇಕು. ಚಾವಿ ಎಲ್ಲಿ ಇಡ್ತಿ?”

ಅವನು ಹೇಳಿಯೇಬಿಟ್ಟ. “ತೆಗ್ಗಿನ ಓಣ್ಯಾಗ ಜಯತೀರ್ಥ ಮಾಸ್ತರ ಮನಿ ಕಟ್ಟಿ ಮ್ಯಾಲ್ರಿ. ನೀರ ಬಿಡೂದ ಇಲ್ಲದ ದಿನ ಅಲ್ಲೇ ಇರ್ತೈತಿ. ಕಂಡವರ ಮನ್ಯಾಗ ಇಡ್ತೇನಂತ ತಿರಕಪ್ಪಗ ಗೊತ್ತಾದ್ರ ಅವತ್ತ ನನ್ನ ಕೆಲಸ ಹೋಗತೈತ್ರಿ. ಮತ್ತ ಮಾಸ್ತರು ಭಾಳ ಒಳ್ಳೆವ್ರು. ಮನ್ಯಾಗ ಜಡ್ಡಿನ ತಾಯಿ ಅದಾರ. ಸುಮ್ನ ಅವರ ಬಾಗಲಿಗೆ ಪೊಲೀಸ್ರು ಯಾಕ ಅಂತ.”

ಶನಿವಾರ ಮಧ್ಯಾಹ್ನ ಗವಿಸಿದ್ದಪ್ಪ ಸಾದಾ ಉಡುಪಿನಲ್ಲಿ ಆ ಮನೆಗೆ ಹೋದರು. ಜಯತೀರ್ಥ ಶಿರಹಟ್ಟಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು; ನಲವತ್ತು ದಾಟಿದ್ದರೂ ಲಗ್ನವಾಗಿರಲಿಲ್ಲ. ಶಾಲೆಯಿಂದ ಆಗಷ್ಟೇ ಬೈಕಿನಲ್ಲಿ ಬಂದಿದ್ದರು. ಹಜಾರದ ಮಂಚದ ಮೇಲೆ ಅವರ ತಾಯಿ ಅಂಬುಬಾಯಿ ಗೋಡೆಗೆ ಒರಗಿ ಕುಳಿತಿದ್ದರು, ಹಿಡಿಯಷ್ಟಾದ ಮುದುಕಿ.

“ಬರ್ರಿ, ಕೂಡ್ರಿ” ಎಂದರು ಜಯತೀರ್ಥ. ಚಾವಿಯ ಬಗ್ಗೆ ಕೇಳಿದಾಗ, “ಭೀಮೇಶ ಇಲ್ಲಿ ಚಾವಿ ಇಡತಾನ ಖರೆ. ಗೇಟಿಗೆ ಕೀಲಿ ಇಲ್ಲ, ಯಾರು ಬೇಕಾದ್ರೂ ಒಯ್ಯಬಹುದು. ನಾ ಮುಂಜಾನೆ ಹೋದ್ರ ಈಗ ಬರ್ತೇನಿ.”

“ಭೀಮೇಶ ಹೆಂಥಾಂವ್ರಿ?”

ಜಯತೀರ್ಥ ಉತ್ತರ ಕೊಡುವ ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು. “ಒಳ್ಳೆ ಹುಡುಗರೀ. ಆದ್ರ ಒಬ್ಬರ ಮನಸ್ಸಿನ್ಯಾಗ ಏನದ ಅಂತ ಇನ್ನೊಬ್ಬರು ಹ್ಯಾಂಗ ಹೇಳೋದು?”

ಈ ಮಾತು ಗವಿಸಿದ್ದಪ್ಪನವರಿಗೆ ನಾಟಿತು. ಮೊನ್ನೆ ಒಬ್ಬ ಬಡಪಾಯಿ ತನ್ನ ಕುತ್ತಿಗೆಗೆ ಬಂದರೂ ಈ ಮನೆಯ ಹೆಸರು ಬಾಯಿ ಬಿಟ್ಟಿರಲಿಲ್ಲ. ಇವರು ಒಂದು ಪ್ರಶ್ನೆಗೇ ಅವನನ್ನು ಬಿಟ್ಟುಕೊಟ್ಟರು.

“ಜಯ್ಯಾ, ನಳಾ ಬಂತೇನೋ?” ಮುದುಕಿ ಕೇಳಿದರು.

“ಬಂದದ, ಅವ್ವಾ.”

ನಳ ಬಂದಿರಲಿಲ್ಲ. ತೆಗ್ಗಿನ ಓಣಿಯ ಪಾಳಿ ಮುಗಿದು ಎಂಟು ದಿನವಾಗಿತ್ತು, ಗುರುವಾರ ಭೀಮೇಶ ಗಟ್ಟಿ ತಿರುವಿದ ಮೇಲೆ ಹನಿಯೂ ನಿಂತಿರಬೇಕು. ಆದರೆ ಒಳಗಿನ ಗಳದ ಮೇಲೆ ಮಡಿಸೀರೆಯೊಂದು ಒದ್ದೆಯಾಗಿ ಇಳಿಬಿದ್ದಿತ್ತು. ಗವಿಸಿದ್ದಪ್ಪನವರಿಗೆ ತಮ್ಮೂರಿನ ಆಚಾರ್ಯರ ಮನೆ ನೆನಪಾಯಿತು. ಅಲ್ಲಿ ದಿನಾ ಬೆಳಿಗ್ಗೆ ಸೇದಿದ ನೀರೇ ಮಡಿಗೆ, ನಿನ್ನೆಯ ನೀರು ಹಂಡೆ ತುಂಬ ಇದ್ದರೂ ಬಳಕೆಗಷ್ಟೇ. ಮಾಸ್ತರ ಮನೆಯಲ್ಲಿ ಬಾವಿ ಇರಲಿಲ್ಲ. ಅವರು ಚಹಾ ಬೇಡವೆಂದು ಎದ್ದರು.

ಭಾನುವಾರ ನಸುಕಿನಲ್ಲಿ ಬನ್ನಿಗಿಡದ ಕಟ್ಟೆಯ ಹಿಂದೆ ಮೂವರು ಕುಳಿತಿದ್ದರು: ಗವಿಸಿದ್ದಪ್ಪ, ಹನಮಂತವ್ವ, ತನ್ನ ಚಾವಿ ಹಿಡಿದ ಭೀಮೇಶ. ಯಾರಿಗಾಗಿ ಕಾಯುತ್ತಿದ್ದೇವೆ ಎಂದು ಅವನಿಗೆ ಹೇಳಿರಲಿಲ್ಲ. ಐದರ ಸುಮಾರಿಗೆ ಒದ್ದೆ ಪಂಚೆಯ ಒಬ್ಬರು ಗೋಣಿಚೀಲ ಹೊತ್ತು ಬಂದರು. ಕಲ್ಲು ಸರಿಸಿ, ಚೀಲದಿಂದ ಚಾವಿ ತೆಗೆದು ತಿರುವಿ, ಲಗುಬಗೆಯಿಂದ ಹೋದರು. ಗುರುತು ಹಿಡಿದ ಭೀಮೇಶ ಏಳಹೋದ, ಹನಮಂತವ್ವ ಭುಜ ಹಿಡಿದು ಕೂಡಿಸಿದಳು.

ಹತ್ತು ನಿಮಿಷಕ್ಕೆ ಅವರು ಮರಳಿ ಬಂದು ಬಂದ್ ಮಾಡಲು ಕುಳಿತರು. ಚಾವಿ ಜಾರಿತು. ಇನ್ನೊಮ್ಮೆ ಹಾಕಿದರು, ಇನ್ನೊಮ್ಮೆ ಜಾರಿತು. ಪಂಚೆಯ ಸೆರಗನ್ನು ಚಾವಿಯ ಬಾಯಿಗೆ ತುರುಕಿ, ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಗಣಿತದ ಮಾಸ್ತರು ಆ ಕಬ್ಬಿಣದೊಡನೆ ಹೆಣಗುವುದನ್ನು ನೋಡಲಾಗದೆ ಗವಿಸಿದ್ದಪ್ಪ ಎದ್ದು ಬಂದರು.

“ಮಾಸ್ತರ, ಅದಕ್ಕ ಒಳಗ ತಗಡ ಹಾಕಬೇಕ್ರಿ. ಇಲ್ಲಂದ್ರ ಕೂಡೂದಿಲ್ಲ.”

ಜಯತೀರ್ಥ ಓಡಲಿಲ್ಲ. ಚಾವಿ ಕೈಬಿಟ್ಟು ಅಲ್ಲೇ ಕಲ್ಲಿನ ಮೇಲೆ ಕುಳಿತರು. “ಮೊದ್ಲ ನೆಟ್ಟಗ ಕೂಡ್ತಿತ್ತು, ಈಗೀಗ ಜಾರ್ಲಿಕತ್ತದ. ಆದ್ರೂ ಪೂರಾ ಬಂದ್ ಆಗ್ಯದ ಅಂತ ತಿಳ್ಕೊಂಡಿದ್ದೆ,” ಎಂದರು. “ಬರೇ ಎರಡು ಕೊಡ ತೊಗೋತಿದ್ದೆ. ಮ್ಯಾಲಿನ ಓಣಿ ಒಣಗ್ತದ ಅಂತ ಖರೇನ ಗೊತ್ತಿರಲಿಲ್ಲ.”

“ಗುರುವಾರ ಗೊತ್ತಾತಲ್ರಿ? ಆ ಮ್ಯಾಲೂ ಬಂದ್ರಲ್ಲ?”

ಜಯತೀರ್ಥ ಗೋಣಿಚೀಲ ಮಡಚತೊಡಗಿದರು.

ಭೀಮೇಶ ಮುಂದೆ ಬಂದ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಅಳು ಬಂದಿತ್ತು. “ಮಾಸ್ತರ, ನನಗೊಂದ್ ಮಾತ ಹೇಳಿದ್ರ ನಾನ ದಿನಾ ಎರಡ ಕೊಡ ಬಿಡ್ತಿದ್ನೆಲ್ರಿ?”

“ನಿನಗ ಹೇಳಿ ನೀ ಬಿಟ್ಟಿದ್ರ, ಗೊತ್ತಾದ ದಿನ ನಿನ್ನ ನೌಕರಿ ಹೋಗ್ತಿತ್ತಲ್ಲೋ. ಅದಕ್ಕ ಹೇಳಲಿಲ್ಲ.”

“ಮತ್ತ ನನ್ನ ಅಂಗಿ ಹರದಾಗರ ಹೇಳಬೇಕಿತ್ತಲ್ರಿ!”

ಭೀಮೇಶ ಮಾಸ್ತರನ್ನು ದಾಟಿ ಹೋಗಿ, ತಗಡು ಹಾಕಿ, ವಾಲ್ವನ್ನು ಗಟ್ಟಿಯಾಗಿ ಬಂದ್ ಮಾಡಿದ.

ನಜೀರಸಾಬನ ಚಾವಿಯನ್ನು ಜಪ್ತಿ ಪಂಚನಾಮೆಯಲ್ಲಿ ಬರೆದುಕೊಂಡಾಯಿತು. ಜಾಮೀನು ಸಿಗುವ ಕಲಮು. ಸಂಜೆಯೊಳಗೆ ಮನೆಗೆ ಬರಬಹುದು ಎಂದು ಹೇಳಿ ಗವಿಸಿದ್ದಪ್ಪ ಮಾಸ್ತರನ್ನು ಬಂಧಿಸಿದರು. ಲಕ್ಷ್ಮೇಶ್ವರದಲ್ಲಿದ್ದ ಮಾಸ್ತರ ಅಕ್ಕನಿಗೆ ಫೋನು ಹೋಯಿತು. ಆಕೆ ಬರುವ ತನಕ ತಾಯಿಯ ಬಳಿ ಹನಮಂತವ್ವ ಇರುವುದೆಂದು ಎಲ್ಲರೂ ಮನೆಗೆ ಬಂದರು. ದಾರಿಯಲ್ಲಿ ಜಯತೀರ್ಥ ತಾವಾಗಿ ಹೇಳಿದರು. ದೀಪಾವಳಿಯ ನಂತರ ತಾಯಿಗೆ ಊರು, ಜನ, ಎಲ್ಲ ಮರೆಯುತ್ತ ಬಂತು, ಮಡಿಯೊಂದು ಉಳಿಯಿತು. ಹಿಡಿದಿಟ್ಟ ನೀರು ಕೊಟ್ಟರೆ ಉಗುಳುತ್ತಿದ್ದರು, ಟ್ಯಾಂಕರಿನ ನೀರೆಂದರೆ ಬಾಯಿ ಬಿಗಿಯುತ್ತಿದ್ದರು. ಆಕೆ ಅನ್ನ ನೀರು ಬಿಟ್ಟು ಆಸ್ಪತ್ರೆಯಲ್ಲಿ ಸಲೈನು ಹಚ್ಚಿಸಿಕೊಂಡು ಬಂದ ಮೇಲೆಯೇ ಮಗ ಭೀಮೇಶನ ಚಾವಿಯನ್ನು ಬೈಕಿಗೆ ಕಟ್ಟಿಕೊಂಡು ನಜೀರಸಾಬನ ಲೇಥ್ ಅಂಗಡಿಗೆ ಹೋದದ್ದು.

“ನಿನ್ನಿ ನೀವು ಬಂದು ಹೋದಾಗ ಬಿಟ್ಟುಬಿಡಬೇಕು ಅನಿಸಿತು. ಆದ್ರ ಮುಂಜಾನೆ ಅಕಿಗೆ ಏನು ಕುಡಿಸ್ಲಿ?”

ಅವರು ಅಂಗಿ ಹಾಕಿಕೊಳ್ಳಲು ಒಳಗೆ ಹೋದರು. ಹಜಾರದಲ್ಲಿ ಅಂಬುಬಾಯಿ ಎಚ್ಚರಾಗಿ ತುಟಿ ಸವರಿಕೊಳ್ಳುತ್ತಿದ್ದರು. ಹನಮಂತವ್ವನಿಗೆ ಆಗಷ್ಟೇ ಕೇಳಿದ ಈ ಮನೆಯ ರೀತಿ ನೀತಿ ಆ ಗಳಿಗೆಯಲ್ಲಿ ತಲೆಗೆ ಬರಲಿಲ್ಲ. ಬಾಯಾರಿದ ಮುದುಕಿಯಷ್ಟೇ ಕಂಡಳು. ಹೆಗಲ ಚೀಲದಿಂದ ಪ್ಲಾಸ್ಟಿಕ್ ಬಾಟಲಿ ತೆಗೆದು, ಮುದುಕಿಯ ಬೆನ್ನಿಗೆ ಕೈ ಕೊಟ್ಟು, ಬಾಯಿಗೆ ಹಿಡಿದಳು. ಮೊನ್ನೆ ಠಾಣೆಯ ನಳದಲ್ಲಿ ತುಂಬಿದ ನೀರು.

ಅಂಬುಬಾಯಿ ಗಟಗಟ ಕುಡಿದರು. ಕುಡಿದು, ಹನಮಂತವ್ವನ ಖಾಕಿ ತೋಳು ಹಿಡಿದುಕೊಂಡು, “ಭಾಳ ತಣ್ಣಗ ಅದ ನೋಡವಾ” ಎಂದರು.

ಅಂಗಿಯ ಗುಂಡಿ ಹಾಕುತ್ತ ಹೊರಬಂದ ಜಯತೀರ್ಥ ಬಾಗಿಲಲ್ಲೇ ನಿಂತುಬಿಟ್ಟರು. ಹನಮಂತವ್ವ ಗಾಬರಿಯಿಂದ ಬಾಟಲಿ ಹಿಂದೆಳೆದುಕೊಂಡಳು. “ತಪ್ಪಾತೇನ್ರಿ ಮಾಸ್ತರ? ನನಗ ಲಕ್ಷ್ಯಕ್ಕ ಬರಲಿಲ್ರಿ.”

ಎರಡು ತಿಂಗಳಿಂದ ಅವರು ತಾಯಿಗೆ ಬೇರೆ ನೀರು ಕೊಟ್ಟು ನೋಡಿರಲೇ ಇಲ್ಲ. ಆಕೆಗೆ ಮಡಿಯೂ ಯಾವತ್ತು ಮರೆತುಹೋಯಿತೋ, ಅವರಿಗೆ ಗೊತ್ತಾಗಿರಲಿಲ್ಲ.

“ಇಲ್ಲ,” ಎಂದರು ಜಯತೀರ್ಥ. ಗವಿಸಿದ್ದಪ್ಪ ಗಡಿಯಾರ ನೋಡಿಯೂ ಅವಸರ ಮಾಡಲಿಲ್ಲ. “ಇನ್ನೊಂದು ಗುಟುಕು ಕೊಡ್ರಿ ಅಕಿಗೆ,” ಜಯತೀರ್ಥ ಮತ್ತೆ ಅಂದರು. “ ನಾ ನೋಡ್ತೇನಿ.”

ಹನಮಂತವ್ವ ಕೊಟ್ಟಳು. ಮುದುಕಿ ಮತ್ತೆ ಕುಡಿದರು. ಮಗ ನೋಡಿದರು, ಬಾಟಲಿ ಖಾಲಿಯಾದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಜೀಪಿನಲ್ಲಿ ಕುಳಿತರು.